ಕೀ ಜೇಬಲ್ಲೇ ಇದೆ, ಬಾಗಿಲು ತೆಗೆಯುತ್ತಿಲ್ಲ: ಕಾರಿನ ಕೀಲೆಸ್ ಲಾಕ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರದಲ್ಲಿ ಗಾಡಿಗಳ ವೈರಿಂಗ್ ನೋಡುವುದು ನನ್ನ ಕೆಲಸ. ಜೂನ್ ಮೊದಲ ಮಳೆ ಬಿದ್ದು ಎಂಟು ದಿನ ಆಗುವಷ್ಟರಲ್ಲಿ ಒಂದೇ ನಮೂನೆಯ ಫೋನು ಶುರುವಾಗುತ್ತದೆ. ‘ಅಣ್ಣಾ, ಕೀ ಜೇಬಲ್ಲೇ ಇದೆ, ಬಾಗಿಲು ತೆಗೀತಾ ಇಲ್ಲ. ಎಂತ ಮಾಡೂದು?’ ಮಾಜಾಳಿಯಿಂದ ಭಟ್ಕಳದವರೆಗೆ ಉಪ್ಪು ಗಾಳಿ. ಘಟ್ಟ ಹತ್ತಿ ಶಿರಸಿಗೆ ಹೋದರೆ ತಿಂಗಳುಗಟ್ಟಲೆ ಬಿಸಿಲೇ ಕಾಣದ ಮಳೆ. ಎರಡೂ ಕಾರಿನ ಲಾಕಿಗೆ ಆಗಿಬರುವುದಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ‘ಕಂಪ್ಯೂಟರ್ ಹೋಗಿದೆ’ ಎಂದು ಹೆದರಿಕೊಂಡು ಬಂದ ಗಾಡಿಗಳಲ್ಲಿ ನಿಜವಾಗಿ ಕಂಪ್ಯೂಟರ್ ಹೋಗಿದ್ದು ನಾನು ನೋಡಿದ್ದು ತೀರಾ ಕಡಿಮೆ. ಸೆಲ್ಲು, ಸ್ವಿಚ್ಚು, ತುಂಡಾದ ವೈರು, ಇಲ್ಲದಿದ್ದರೆ ಒಳಗೆ ಸೇರಿದ ನೀರು. ಹಾಗಾಗಿ ಅಗ್ಗದ ತುದಿಯಿಂದ ಹುಡುಕುತ್ತಾ ಬನ್ನಿ.

ಕೀ ಹೊರಗೆ ತೆಗೆಯದೆಯೇ ಕಾರಿಗೆ ಹೇಗೆ ಗೊತ್ತಾಗುತ್ತದೆ?

ನೀವು ಹ್ಯಾಂಡಲ್ ಮುಟ್ಟಿದ ಕೂಡಲೇ ಕಾರು ‘ಯಾರು?’ ಎಂದು ಮೆಲ್ಲಗೆ ಕೇಳುತ್ತದೆ. ಇದು ಕಡಿಮೆ ತರಂಗದ ರೇಡಿಯೋ, ಸಾಮಾನ್ಯವಾಗಿ 125 ಕಿಲೋಹರ್ಟ್ಸ್ ಆಸುಪಾಸು. ಅದರ ದನಿ ಒಂದು, ಒಂದೂವರೆ ಮೀಟರಿಗಿಂತ ಆಚೆ ಹೋಗುವುದಿಲ್ಲ. ಜೇಬಿನಲ್ಲಿ ನಿದ್ದೆ ಮಾಡುತ್ತಿದ್ದ ಕೀ ಎಚ್ಚರಾಗಿ ‘ನಾನೇ’ ಎಂದು ಉತ್ತರ ಕೊಡುತ್ತದೆ. ಈ ಉತ್ತರ ಬೇರೆ ತರಂಗದಲ್ಲಿ, ಹೆಚ್ಚಾಗಿ 433 ಮೆಗಾಹರ್ಟ್ಸ್ ಸುತ್ತಮುತ್ತ. ಗುರುತು ಸರಿ ಇದ್ದರೆ ಲಾಕಿನ ಮೋಟರ್ ಟಕ್ ಅನ್ನುತ್ತದೆ. ಕೀ ಮೇಲಿನ ಬಟನ್ ಒತ್ತಿದಾಗ ಮಾತ್ರ ಮೊದಲ ಪ್ರಶ್ನೆ ಇರುವುದಿಲ್ಲ, ಕೀಯೇ ಕೂಗಿ ಹೇಳುತ್ತದೆ. ಅದಕ್ಕೇ ಬಟನ್ ದೂರದಿಂದಲೂ ಕೆಲಸ ಮಾಡುತ್ತದೆ.

ಇಷ್ಟು ತಲೆಯಲ್ಲಿದ್ದರೆ ಮುಂದಿನದು ಸುಲಭ.

ಕೆಟ್ಟಿದ್ದು ಕೀಯೋ, ಕಾರೋ? ಮನೆಯಲ್ಲೇ ಹೇಗೆ ಪತ್ತೆ ಹಚ್ಚುವುದು?

ಮೊದಲು ಎರಡನೇ ಕೀ ಹುಡುಕಿ. ಕಾರು ಕೊಳ್ಳುವಾಗ ಕೊಟ್ಟ ಇನ್ನೊಂದು ಕೀ ಕಪಾಟಿನಲ್ಲಿ ಒಡವೆ ಡಬ್ಬಿಯ ಪಕ್ಕ ಎಲ್ಲೋ ಇರುತ್ತದೆ. ಅದಕ್ಕೆ ಕಾರು ಸರಿಯಾಗಿ ತೆಗೆದರೆ ತೊಂದರೆ ಮೊದಲನೇ ಕೀಯದ್ದು, ಅಲ್ಲಿಗೆ ಮುಗಿಯಿತು. ಎರಡಕ್ಕೂ ತೆಗೆಯದಿದ್ದರೆ ಕಾರಿನ ಕಡೆ ನೋಡಿ. ಆದರೆ ಐದು ವರ್ಷ ಕಪಾಟಿನಲ್ಲಿದ್ದ ಕೀಯ ಸೆಲ್ಲೂ ಸತ್ತಿರಬಹುದು, ಅದಕ್ಕೆ ಹೊಸ ಸೆಲ್ ಹಾಕಿಯೇ ನೋಡಬೇಕು.

ಆಮೇಲೆ ಕಿವಿ ಕೊಡಿ. ಬಟನ್ ಒತ್ತಿದಾಗ ಇಂಡಿಕೇಟರ್ ಮಿನುಗುತ್ತದೆ, ಬಾಗಿಲು ಮಾತ್ರ ಲಾಕ್ ಆಗುವುದಿಲ್ಲ ಅಂದರೆ ಕಾರಿಗೆ ಮಾತು ಕೇಳಿಸಿದೆ, ಕೈಕಾಲು ಆಡುತ್ತಿಲ್ಲ. ಬಾಗಿಲಿನ ಮೋಟರ್, ವೈರು ನೋಡಬೇಕು. ಇಂಡಿಕೇಟರೂ ಮಿನುಗದಿದ್ದರೆ ಮಾತೇ ತಲುಪಿಲ್ಲ. ಬಟನ್ ಒತ್ತಿದರೆ ಸರಿ, ಹ್ಯಾಂಡಲ್ ಮುಟ್ಟಿದರೆ ಇಲ್ಲ ಅಂದರೆ ಹ್ಯಾಂಡಲ್ ಸ್ವಿಚ್ಚಿನ ಮೇಲೆ ಅನುಮಾನ. ಡ್ರೈವರ್ ಬಾಗಿಲಲ್ಲಿ ಆಗುವುದಿಲ್ಲ, ಎಡಗಡೆ ಬಾಗಿಲಲ್ಲಿ ಆಗುತ್ತದೆ ಅಂದರೆ ಅನುಮಾನವೂ ಬೇಡ, ಆ ಒಂದು ಹ್ಯಾಂಡಲ್ಲೇ. ಕೆಲವು ಕಾರುಗಳಲ್ಲಿ ಕೀಲೆಸ್ ಸೌಲಭ್ಯವನ್ನೇ ಸೆಟ್ಟಿಂಗ್‌ನಲ್ಲಿ ಬಂದ್ ಮಾಡಬಹುದು. ಮಕ್ಕಳು ಸ್ಕ್ರೀನ್ ಒತ್ತಿ ಆಡಿದ ಮೇಲೆ ಹೀಗಾದ ಗಾಡಿಯನ್ನೂ ನೋಡಿದ್ದೇನೆ.

ಸೆಲ್ ಬದಲಾಯಿಸುವುದಕ್ಕೆ ಶೋರೂಮಿಗೇ ಹೋಗಬೇಕಾ?

ಬೇಡ. ಕೀಯ ಬೆನ್ನಿನ ಕಡೆ ಒಂದು ಸಣ್ಣ ಗುಂಡಿ ಅಥವಾ ಜಾರುವ ಚಿಲಕ ಇರುತ್ತದೆ. ಅದನ್ನು ಒತ್ತಿ ಎಳೆದರೆ ಒಳಗಿನ ಕಬ್ಬಿಣದ ಕೀ ಹೊರಗೆ ಬರುತ್ತದೆ. ಅದು ಬಂದ ಜಾಗದಲ್ಲೇ ಒಂದು ಸಂದು ಕಾಣುತ್ತದೆ. ಚಪ್ಪಟೆ ಸ್ಕ್ರೂಡ್ರೈವರಿನ ತುದಿಗೆ ಬಟ್ಟೆ ಸುತ್ತಿ ಅಲ್ಲಿ ಮೆಲ್ಲಗೆ ತಿರುಗಿಸಿ, ಎರಡು ಹೋಳಾಗುತ್ತದೆ. ಜೋರು ಮಾಡಬೇಡಿ, ಪ್ಲಾಸ್ಟಿಕ್ ಹಲ್ಲು ಮುರಿದರೆ ಆಮೇಲೆ ರಬ್ಬರ್ ಬ್ಯಾಂಡ್ ಕಟ್ಟಿಕೊಂಡು ಓಡಾಡಬೇಕಾಗುತ್ತದೆ.

ಸೆಲ್ಲಿನ ಮೇಲೆ ನಂಬರ್ ಬರೆದಿರುತ್ತದೆ. ಸಿಆರ್ 2032 ಅಂದರೆ 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ಸಿಆರ್ 2025 ಅಷ್ಟೇ ಅಗಲ, ಆದರೆ 2.5 ಮಿಲಿಮೀಟರ್ ದಪ್ಪ. ಅಂಗಡಿಯವರು ‘ಎಲ್ಲಾ ಒಂದೇ, ಹಾಕಿ’ ಅಂತಾರೆ. ಒಂದೇ ಅಲ್ಲ. ತೆಳ್ಳಗಿನದು ಹಾಕಿದರೆ ತಗಡಿಗೆ ಸರಿಯಾಗಿ ತಾಗುವುದಿಲ್ಲ. ಒಮ್ಮೆ ಕೆಲಸ ಮಾಡುತ್ತದೆ, ಕೀ ಅಲುಗಾಡಿದರೆ ಇಲ್ಲ. ಪ್ಲಸ್ ಗುರುತು ಯಾವ ಕಡೆ ಇತ್ತು ಎಂದು ತೆಗೆಯುವ ಮೊದಲೇ ಮೊಬೈಲಿನಲ್ಲಿ ಫೋಟೋ ಹೊಡೆದಿಟ್ಟುಕೊಳ್ಳಿ. ಹೊಸ ಸೆಲ್ಲಿನ ಮುಖಕ್ಕೆ ಬೆರಳಿನ ಜಿಡ್ಡು ಅಂಟಿದರೆ ಒಣ ಬಟ್ಟೆಯಲ್ಲಿ ಒರೆಸಿ. ಹೆಚ್ಚಿನ ಕೀಗಳಲ್ಲಿ ಸೆಲ್ ತೆಗೆದ ಮಾತ್ರಕ್ಕೆ ನೆನಪು ಅಳಿಸಿಹೋಗುವುದಿಲ್ಲ.

ಹಳೇ ಸೆಲ್ಲನ್ನು ಮೇಜಿನ ಮೇಲೆ ಬಿಟ್ಟು ಏಳಬೇಡಿ. ಸಣ್ಣ ಮಕ್ಕಳು ಇದನ್ನು ನುಂಗಿದರೆ ಗಂಟೆಗಳ ಒಳಗೆ ಅನ್ನನಾಳ ಸುಟ್ಟುಹೋಗುತ್ತದೆ. ನುಂಗಿರಬಹುದು ಎಂಬ ಅನುಮಾನ ಬಂದರೂ ಸಾಕು, ಕಾಯದೆ ಆಸ್ಪತ್ರೆಗೆ ಓಡಿ.

ಹೊಸ ಸೆಲ್ ಹಾಕಿದೆ, ಎರಡೇ ತಿಂಗಳಿಗೆ ಸತ್ತಿತು. ಯಾಕೆ?

ಮೂರು ಕಾರಣ ಇರಬಹುದು. ಸೆಲ್ಲೇ ಹಳೆಯದು, ಹಾಗಾಗಿ ಪ್ಯಾಕೆಟ್ ಮೇಲಿನ ತಾರೀಖು ನೋಡಿ ತನ್ನಿ. ಕೀಯ ಒಂದು ಬಟನ್ ಒಳಗೇ ಸಿಕ್ಕಿಕೊಂಡು ಸದಾ ಒತ್ತಿದ ಹಾಗೇ ಇರಬಹುದು, ಬಿಗಿ ಪ್ಯಾಂಟಿನ ಜೇಬಿನಲ್ಲಿ ಇದು ಜಾಸ್ತಿ.

ಮೂರನೆಯದು ನಮ್ಮ ಕಡೆಯ ಮನೆಗಳಲ್ಲೇ ಹೆಚ್ಚು ಕಾಣುವುದು. ಶಿರಸಿ ಹತ್ತಿರದ ಒಂದು ಮನೆ. ಅಂಗಳದಲ್ಲಿ ಕಾರು, ಕೈ ಚಾಚಿದರೆ ಜಗುಲಿ. ಜಗುಲಿಯ ಕಂಬಕ್ಕೆ ಒಂದು ಮೊಳೆ, ಮೊಳೆಗೆ ಅಡಿಕೆ ಸುಲಿಯುವ ಕತ್ತಿಯ ಪಕ್ಕದಲ್ಲಿ ಕಾರಿನ ಕೀ. ಕಾರಿಗೂ ಕೀಗೂ ಒಂದೂವರೆ ಮೀಟರ್ ಇದ್ದರೆ ಹೆಚ್ಚು. ಕೆಲವು ಕಾರುಗಳು ಹ್ಯಾಂಡಲ್ ಮುಟ್ಟದಿದ್ದರೂ ಆಗಾಗ ಕೇಳುತ್ತಲೇ ಇರುತ್ತವೆ. ಹಗಲೂ ರಾತ್ರಿ ಕಾರು ‘ಯಾರು’ ಅನ್ನುವುದು, ಕೀ ‘ನಾನು’ ಅನ್ನುವುದು. ಸೆಲ್ ಉಳಿಯುವುದು ಹೇಗೆ? ಮೊಳೆಯನ್ನು ಒಳಗಿನ ಕೋಣೆಗೆ ಸಾಗಿಸಿದ ಮೇಲೆ ಆ ಮನೆಯಿಂದ ಫೋನು ಬಂದಿಲ್ಲ.

ಘಟ್ಟದ ನಡುವೆ ಕೀ ಸತ್ತರೆ?

ದೇವಿಮನೆ ಘಟ್ಟದಲ್ಲಿ ಚಹಾ ಕುಡಿಯಲು ಇಳಿದಾಗ ಹೀಗಾಯಿತು ಎನ್ನಿ. ಗಾಬರಿ ಬೇಡ. ಕೀ ಒಳಗಿನ ಕಬ್ಬಿಣದ ಕೀ ತೆಗೆದು ಡ್ರೈವರ್ ಬಾಗಿಲು ತೆರೆಯಿರಿ. ಹ್ಯಾಂಡಲ್ ಮೇಲೆ ಕೀ ತೂತೇ ಕಾಣದಿದ್ದರೆ ಹಿಂಬದಿಯ ಪ್ಲಾಸ್ಟಿಕ್ ಮುಚ್ಚಳದ ಅಡಿಯಲ್ಲಿ ಬಚ್ಚಿಟ್ಟಿರುತ್ತಾರೆ. ಮುಚ್ಚಳದ ಕೆಳಗಿನ ಸಣ್ಣ ಸಂದಿಗೆ ಅದೇ ಕೀಯ ತುದಿ ಹಾಕಿ ಎತ್ತಿ. ಹೀಗೆ ತೆರೆದಾಗ ಅಲಾರಂ ಬೊಬ್ಬೆ ಹೊಡೆಯಬಹುದು. ಹೊಡೆಯಲಿ ಬಿಡಿ, ಸ್ಟಾರ್ಟ್ ಆದ ಕೂಡಲೇ ನಿಲ್ಲುತ್ತದೆ.

ಸ್ಟಾರ್ಟ್ ಮಾಡಲು ಸತ್ತ ಕೀಯನ್ನೇ ಸ್ಟಾರ್ಟ್ ಬಟನ್ನಿಗೆ ತಾಗಿಸಿ ಹಿಡಿದು, ಬ್ರೇಕ್ ಅಥವಾ ಕ್ಲಚ್ ತುಳಿದು, ಕೀಯಿಂದಲೇ ಬಟನ್ ಒತ್ತಿ. ಹೆಚ್ಚಿನ ಕಾರುಗಳಲ್ಲಿ ಇದು ನಡೆಯುತ್ತದೆ. ಒಳಗಿನ ಚಿಪ್ಪಿಗೆ ಸೆಲ್ ಬೇಡ, ಹತ್ತಿರ ಹಿಡಿದರೆ ಕಾರೇ ಅದಕ್ಕೆ ಕರೆಂಟು ಕೊಡುತ್ತದೆ. ಕೆಲವು ಗಾಡಿಗಳಲ್ಲಿ ಕೀ ಇಡುವ ಜಾಗ ಬೇರೆ ಕಡೆ ಇರುತ್ತದೆ. ನಿಮ್ಮದರಲ್ಲಿ ಎಲ್ಲಿ ಎಂದು ಕಾರಿನ ಪುಸ್ತಕ ತೆಗೆದು ಇವತ್ತೇ ನೋಡಿಟ್ಟುಕೊಳ್ಳಿ, ಘಟ್ಟದಲ್ಲಲ್ಲ.

ಇನ್ನೊಂದು. ಆ ಕೀ ತೂತನ್ನು ವರ್ಷಗಟ್ಟಲೆ ಯಾರೂ ಮುಟ್ಟುವುದಿಲ್ಲ, ಉಪ್ಪು ಹಿಡಿದು ಬಿಗಿಯುತ್ತದೆ. ತಿಂಗಳಿಗೊಮ್ಮೆ ಸುಮ್ನೆ ಕೀ ಹಾಕಿ ತಿರುಗಿಸಿ. ಬಿಗಿ ಅನ್ನಿಸಿದರೆ ಗ್ರಾಫೈಟ್ ಪುಡಿ ಹಾಕಿ. ಕೊಬ್ಬರಿ ಎಣ್ಣೆ ಬೇಡವೇ ಬೇಡ. ಎರಡು ದಿನ ನಯವಾಗಿರುತ್ತದೆ, ಆಮೇಲೆ ಧೂಳು ಸೇರಿ ಅಂಟಾಗುತ್ತದೆ.

ಹ್ಯಾಂಡಲ್ ಮೇಲಿನ ಕರಿ ಬಟನ್ ಒಮ್ಮೆ ಕೆಲಸ ಮಾಡುತ್ತದೆ, ಒಮ್ಮೆ ಇಲ್ಲ.

ಉಪ್ಪಿನ ಕೆಲಸ. ಆ ರಬ್ಬರಿನ ಅಂಚನ್ನು ಉಗುರಿನಿಂದ ಕೆರೆದು ನೋಡಿ, ಬೆಳ್ಳಗೆ ಪುಡಿ ಬರುತ್ತದೆ. ಕೋಡಿಬಾಗದ ಕಡೆ ಸಮುದ್ರಕ್ಕೆ ಮಗ್ಗುಲಾಗಿ ನಿಲ್ಲಿಸುವ ಗಾಡಿಗಳಲ್ಲಿ ಸಮುದ್ರದ ಕಡೆಯ ಬಾಗಿಲಿನ ಬಟನ್ನೇ ಮೊದಲು ಸಾಯುತ್ತದೆ. ಸಿಹಿ ನೀರಲ್ಲಿ ತೊಳೆದು, ಒಣಗಿಸಿ, ಕಾಂಟ್ಯಾಕ್ಟ್ ಕ್ಲೀನರ್ (ಸ್ವಿಚ್ಚಿನ ಕೊಳೆ ತೆಗೆಯುವ ದ್ರವ) ಎರಡು ಹನಿ ಬಿಟ್ಟು ಇಪ್ಪತ್ತು ಸಲ ಒತ್ತಿ. ಹಾಗೂ ಆಗದಿದ್ದರೆ ರಬ್ಬರ್ ಹರಿದು ನೀರು ಒಳಗಿನ ಸ್ವಿಚ್ಚಿಗೆ ಇಳಿದಿದೆ ಎಂದು ಅರ್ಥ, ಬದಲಾಯಿಸಬೇಕು.

ಡಿಕ್ಕಿಯ ಬಟನ್ನಿಗೂ ಇದೇ ಗತಿ. ಬೈತಖೋಲ ಬಂದರಿನಿಂದ ಬಂಗಡೆ ತಂದವರ ಕಾರಿನಲ್ಲಿ ಇನ್ನೂ ಬೇಗ. ಚೀಲದಿಂದ ಸೋರಿದ ಮಂಜುಗಡ್ಡೆ ನೀರು ಕಾರ್ಪೆಟ್ ಅಡಿಗೆ ಇಳಿದು ಅಲ್ಲಿನ ಕನೆಕ್ಟರ್‌ಗಳನ್ನು ಹಸಿರು ಮಾಡಿಬಿಡುತ್ತದೆ. ವಾಸನೆ ಬೇರೆ. ಮೀನಿಗೆ ಮುಚ್ಚಳ ಇರುವ ಪ್ಲಾಸ್ಟಿಕ್ ಡಬ್ಬ ಇಟ್ಟುಕೊಳ್ಳಿ.

ಮಳೆಯಲ್ಲಿ ಕಾರು ತಾನೇ ಲಾಕ್, ಅನ್‌ಲಾಕ್ ಆಗುತ್ತಿದೆ. ಯಾರಾದರೂ ಆಟ ಆಡಿಸುತ್ತಿದ್ದಾರಾ?

ಯಾರೂ ಇಲ್ಲ. ನಿಮ್ಮದು ಬಟನ್ ಇಲ್ಲದ, ಬೆರಳು ತಾಗಿಸುವ ಹ್ಯಾಂಡಲ್ ಇರಬೇಕು. ಅದು ಚರ್ಮ ತಾಗಿದಾಗ ಆಗುವ ವಿದ್ಯುತ್ತಿನ ಸಣ್ಣ ಬದಲಾವಣೆಯನ್ನು ಅಳೆಯುತ್ತದೆ. ಧೋ ಎಂದು ಸುರಿಯುವ ನೀರೂ ಹಾಗೇ ಕಾಣುತ್ತದೆ. ಜತೆಗೆ ಕೀ ಹತ್ತಿರದಲ್ಲೇ ಇರಬೇಕು, ಇಲ್ಲದಿದ್ದರೆ ಎಷ್ಟು ಮಳೆ ಹೊಯ್ದರೂ ಬಾಗಿಲು ತೆಗೆಯುವುದಿಲ್ಲ. ಕಾರು ತೊಳೆಯುವಾಗ ಕನ್ನಡಿಗಳು ಮಡಚುವುದು, ಬಿಚ್ಚುವುದು ಮಾಡುತ್ತಾ ಇರುತ್ತವಲ್ಲ, ಅದೂ ಇದೇ. ಲುಂಗಿಯ ಸೊಂಟದಲ್ಲಿ ಕೀ ಸಿಕ್ಕಿಸಿಕೊಂಡು ಪೈಪು ಹಿಡಿದಿರುತ್ತೀರಿ. ಕೀಯನ್ನು ಮನೆಯೊಳಗೆ ಇಟ್ಟು ಬನ್ನಿ.

ಅನ್‌ಲಾಕ್ ಮಾಡಿದ ಅರ್ಧ ನಿಮಿಷಕ್ಕೆ ತಾನೇ ಮತ್ತೆ ಲಾಕ್ ಆದರೆ ಅದು ದೋಷ ಅಲ್ಲ. ಬಾಗಿಲು ತೆರೆಯದಿದ್ದರೆ ಹಾಗೆ ಮಾಡಬೇಕೆಂದೇ ಇಟ್ಟಿರುತ್ತಾರೆ.

ಲಾಕ್ ಮಾಡಲು ಹೋದರೆ ಬೀಪ್ ಬೀಪ್ ಎಂದು ಬೈಯುತ್ತದೆ, ಲಾಕ್ ಆಗುವುದಿಲ್ಲ.

ಒಂದು ಬಾಗಿಲೋ ಡಿಕ್ಕಿಯೋ ಅರೆ ಮುಚ್ಚಿದೆ. ಇಲ್ಲವೇ ಸ್ಟಾರ್ಟ್ ಬಟನ್ ಪೂರ್ತಿ ಆಫ್ ಆಗಿಲ್ಲ. ಇಲ್ಲವೇ ಇನ್ನೊಂದು ಕೀ ಒಳಗಿದೆ. ಈ ಮೂರನೆಯದಕ್ಕೆ ಹೆಂಡತಿಯ ಬ್ಯಾಗು ನೋಡಿ ಎಂದು ಫೋನಿನಲ್ಲಿ ಎಷ್ಟು ಸಲ ಹೇಳಿದ್ದೇನೋ. ಹೇಳಿದ ಮೇಲೆ ಆ ಕಡೆ ಒಂದು ನಿಮಿಷ ಮಾತೇ ಇರುವುದಿಲ್ಲ.

ಮೂರು ಬಾಗಿಲು ಲಾಕ್ ಆಗುತ್ತವೆ, ಒಂದು ಮಾತ್ರ ಆಗುವುದಿಲ್ಲ. ಮೋಟರ್ ಬದಲಾಯಿಸಲಾ?

ತಡೆಯಿರಿ. ಈ ವಿಷಯದಲ್ಲಿ ನಾನೇ ಪೆಟ್ಟು ತಿಂದಿದ್ದೇನೆ. ಕೆಲಸ ಕಲಿತ ಹೊಸತು. ಕುಮಟಾದಿಂದ ಒಬ್ಬರು ಬಂದಿದ್ದರು, ಡ್ರೈವರ್ ಬಾಗಿಲು ಮನಸ್ಸು ಬಂದಾಗ ಮಾತ್ರ ಲಾಕ್ ಆಗುತ್ತಿತ್ತು. ಹಿಂದೆ ಮುಂದೆ ನೋಡದೆ ಮೋಟರ್ ಸೆಟ್ ತರಿಸಿ ಹಾಕಿದೆ. ಸರಿಯಾಯಿತು. ಹಣ ತೆಗೆದುಕೊಂಡೆ. ಅಂಕೋಲಾ ದಾಟುವಷ್ಟರಲ್ಲಿ ಫೋನು: ‘ಮತ್ತೆ ಅದೇ ಕತೆ ಮಾರಾಯಾ.’

ಬಾಗಿಲಿಗೂ ಕಾರಿನ ಕಂಬಕ್ಕೂ ನಡುವೆ ಸುಕ್ಕುಸುಕ್ಕಾದ ಒಂದು ರಬ್ಬರ್ ಕೊಳವೆ ಇದೆ ನೋಡಿ. ಬಾಗಿಲಿನ ಎಲ್ಲಾ ವೈರು ಅದರೊಳಗೆ ಹಾಯುತ್ತವೆ. ಬಾಗಿಲು ತೆಗೆದಾಗೊಮ್ಮೆ ಬಾಗುತ್ತವೆ, ಹಾಕಿದಾಗೊಮ್ಮೆ ಬಾಗುತ್ತವೆ. ಆ ಗಾಡಿಯ ಕೊಳವೆಯನ್ನು ಜಾರಿಸಿ ನೋಡಿದರೆ ಒಂದು ವೈರಿನ ಮೇಲಿನ ಪ್ಲಾಸ್ಟಿಕ್ ಬಿರಿದಿತ್ತು. ಒಳಗಿನ ತಾಮ್ರ ಹಸಿರು ಪುಡಿಯಾಗಿ, ಒಂದೇ ಒಂದು ಎಳೆಯಲ್ಲಿ ನೇತಾಡುತ್ತಿತ್ತು. ಎರಡು ಇಂಚು ಹೊಸ ವೈರು ಸೇರಿಸಿ ಬೆಸುಗೆ ಹಾಕಿದೆ, ಅಷ್ಟೇ. ಮೋಟರಿನ ಹಣ ವಾಪಸ್ ಕೊಟ್ಟೆ.

ಹಾಗಾಗಿ ಮೊದಲು ಇದನ್ನು ಮಾಡಿ. ಬಾಗಿಲು ತೆರೆದಿಟ್ಟು, ಒಬ್ಬರು ಒಳಗಿನ ಲಾಕ್ ಸ್ವಿಚ್ ಒತ್ತುತ್ತಿರಲಿ, ಇನ್ನೊಬ್ಬರು ಆ ಕೊಳವೆಯನ್ನು ಹಿಡಿದು ಅತ್ತಿತ್ತ ಬಾಗಿಸಿ. ಯಾವುದೋ ಒಂದು ಬಾಗಿನಲ್ಲಿ ಟಕ್ ಎಂದರೆ ವೈರು. ಪವರ್ ಗ್ಲಾಸು, ಸ್ಪೀಕರ್ ಕೂಡ ಅದೇ ಬಾಗಿಲಲ್ಲಿ ತಕರಾರು ಮಾಡುತ್ತಿದ್ದರೆ ಪರೀಕ್ಷೆಯೂ ಬೇಡ, ವೈರೇ. ಏನು ಬಾಗಿಸಿದರೂ ಸದ್ದಿಲ್ಲ, ಇಲ್ಲವೇ ಕಟಕಟ ಎಂದು ಹಲ್ಲು ಜಾರುವ ಸದ್ದು ಬರುತ್ತದೆ ಅಂದರೆ ಆಗ ಮೋಟರ್.

ಕೆಲವು ಕಾರು ಬಾಗಿಲು ತೆರೆದಿದ್ದಾಗ ಲಾಕ್ ಮಾಡಲು ಒಪ್ಪುವುದಿಲ್ಲ. ಆಗ ಬಾಗಿಲಿನ ಅಂಚಿನಲ್ಲಿರುವ ಕೊಕ್ಕೆಯನ್ನು ಸ್ಕ್ರೂಡ್ರೈವರಿನಿಂದ ಒಳಗೆ ತಳ್ಳಿದರೆ ಬಾಗಿಲು ಮುಚ್ಚಿದೆ ಎಂದು ನಂಬುತ್ತದೆ. ಪರೀಕ್ಷೆ ಮುಗಿದ ಮೇಲೆ ಹ್ಯಾಂಡಲ್ ಎಳೆದು ಕೊಕ್ಕೆ ಬಿಡಿಸಿಯೇ ಬಾಗಿಲು ಹಾಕಬೇಕು. ಮರೆತು ದಢ್ ಎಂದು ಹಾಕಿದರೆ ಕೊಕ್ಕೆ ಸೊಟ್ಟಗಾಗುತ್ತದೆ.

ಬಾಗಿಲು ತೆಗೆದಾಗ ಒಳಗೆ ಗುಳುಗುಳು ನೀರಿನ ಸದ್ದು. ಇದಕ್ಕೂ ಲಾಕಿಗೂ ಸಂಬಂಧ ಇದೆಯಾ?

ಇದೆ. ಗ್ಲಾಸಿನ ಸಂದಿಯಿಂದ ಬಾಗಿಲೊಳಗೆ ನೀರು ಇಳಿಯುವುದು ಸಹಜ, ಅದಕ್ಕೆಂದೇ ಬಾಗಿಲಿನ ತಳದಲ್ಲಿ ತೂತು ಇಟ್ಟಿದ್ದಾರೆ. ಕೆಸರು, ಎಲೆಚೂರು ಸೇರಿ ಅದು ಕಟ್ಟಿಕೊಳ್ಳುತ್ತದೆ. ಹಿಡಿಕಡ್ಡಿ ಹಾಕಿ ಬಿಡಿಸಿ. ಸದ್ದಿನ ಜತೆ ಕೆಂಪು ನೀರು ಬಂದರೆ ತುಕ್ಕು ಶುರುವಾಗಿದೆ.

ಹೊಸ ಸ್ಪೀಕರ್ ಹಾಕಿಸಿದ ಮೇಲೆ ಲಾಕ್ ತೊಂದರೆ ಬಂತೇ? ಒಳಗಿನ ಪ್ಯಾಡಿನ ಹಿಂದೆ ಒಂದು ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ. ಫಿಟ್ ಮಾಡುವವರು ಅದನ್ನು ಹರಿದು ಹಾಗೇ ಬಿಡುತ್ತಾರೆ. ನೋಡಲು ಕಸದ ಚೀಲದ ಹಾಗಿದ್ದರೂ ನೀರು ಬಾಗಿಲಿನಿಂದ ಕಾರೊಳಗೆ, ಕನೆಕ್ಟರ್ ಕಡೆಗೆ ಬರದ ಹಾಗೆ ತಡೆಯುವುದು ಅದೇ. ವಾಪಸ್ ಅಂಟಿಸಿಸಿ.

ಹಡಗಿನ ಕೆಲಸ, ನಾಲ್ಕು ತಿಂಗಳು ಮನೆಯಲ್ಲಿ ಇರುವುದಿಲ್ಲ. ಬಂದಾಗ ಲಾಕೇ ತೆಗೆಯುವುದಿಲ್ಲ.

ಕಾರಿನ ದೊಡ್ಡ ಬ್ಯಾಟರಿ ಇಳಿದಿದೆ. ನಿಂತ ಕಾರೂ ಕರೆಂಟು ತಿನ್ನುತ್ತದೆ, ಸುಮಾರು 50 ಮಿಲಿಆಂಪ್ ಎಂದಿಟ್ಟುಕೊಳ್ಳಿ. ದಿನಕ್ಕೆ 1.2 ಆಂಪಿಯರ್ ಅವರ್. 35 ಆಂಪಿಯರ್ ಅವರ್ ಬ್ಯಾಟರಿ ಒಂದು ತಿಂಗಳಿಗೆ ಖಾಲಿ. ಹೋಗುವ ಮುಂಚೆ ಮೈನಸ್ ಟರ್ಮಿನಲ್ ಬಿಚ್ಚಿಡಿ. ಬಿಚ್ಚಿದ ಮೇಲೆ ಕಬ್ಬಿಣದ ಕೀ ಒಂದೇ ಗತಿ, ಆದ್ದರಿಂದ ಕೀಯನ್ನು ಒಳಗಿಟ್ಟು ಬಾಗಿಲು ಹಾಕಬೇಡಿ.

ದಿನಾ ಓಡಿಸುವ ಗಾಡಿಯಲ್ಲೂ ಎಲ್ಲಾ ಬಾಗಿಲಿನ ಟಕ್ ಸದ್ದು ಸೊರಗಿದ್ದರೆ ಮೀಟರ್ ಹಿಡಿದು ನೋಡಿ. ರಾತ್ರಿ ನಿಲ್ಲಿಸಿ ಬೆಳಿಗ್ಗೆ 12.6 ವೋಲ್ಟ್ ಇದ್ದರೆ ತುಂಬಿದೆ, 12.2 ಅಂದರೆ ಅರ್ಧ, 12ಕ್ಕಿಂತ ಕೆಳಗೆ ಹೋದರೆ ಚಾರ್ಜ್ ಮಾಡಿಸಿ.

ಒಂದೇ ಜಾಗದಲ್ಲಿ ನಿಲ್ಲಿಸಿದಾಗ ಕೀ ಕೆಲಸ ಮಾಡುವುದಿಲ್ಲ. ನೌಕಾನೆಲೆಯಿಂದ ಅಂತಾರೆ, ಕೈಗಾದಿಂದ ಅಂತಾರೆ.

ಕೈಗಾ ಸ್ಥಾವರಕ್ಕೂ ಕೀಗೂ ಯಾವ ಸಂಬಂಧವೂ ಇಲ್ಲ, ಬಿಡಿ. ಜೋರಾದ ರೇಡಿಯೋ ಅಲೆ ಇರುವ ಜಾಗದಲ್ಲಿ ಕೀಯ ಸಣ್ಣ ದನಿ ಮುಳುಗುವುದು ಉಂಟು. ಆದರೆ ಅದನ್ನು ದೂರುವ ಮುಂಚೆ ಪಕ್ಕದಲ್ಲಿ ನಿಂತ ಬೇರೆ ಕಾರಿನ ಕೀ ಕೆಲಸ ಮಾಡುತ್ತದಾ ಕೇಳಿ. ಮಾಡಿದರೆ ತಪ್ಪು ಹೆಚ್ಚಾಗಿ ನಿಮ್ಮ ಸೆಲ್ಲಿನದು. ಒಳಗೆ ಕುಳಿತಾಗ ‘ಕೀ ಸಿಗುತ್ತಿಲ್ಲ’ ಎಂದು ತೋರಿಸಿದರೆ ಅಗ್ಗದ ಮೊಬೈಲ್ ಚಾರ್ಜರ್ ಕಿತ್ತು ನೋಡಿ. ಕೀಯನ್ನು ಮೊಬೈಲಿನ ಬೆನ್ನಿಗೇ ಇಡಬೇಡಿ.

ಗೋಕರ್ಣದಲ್ಲಿ ಕೀ ಜೇಬಲ್ಲಿಟ್ಟುಕೊಂಡೇ ಸಮುದ್ರಕ್ಕೆ ಇಳಿದೆ.

ಬಟನ್ ಒತ್ತಿ ಪರೀಕ್ಷೆ ಮಾಡಬೇಡಿ. ತಕ್ಷಣ ಬಿಚ್ಚಿ ಸೆಲ್ ತೆಗೆಯಿರಿ. ಆಮೇಲೆ ಬಾಟಲಿಯ ಕುಡಿಯುವ ನೀರಲ್ಲಿ ಒಳಗಿನ ಸರ್ಕ್ಯೂಟ್ ಹಲಗೆಯನ್ನು ಚೆನ್ನಾಗಿ ತೊಳೆಯಿರಿ. ಹೌದು, ನೀರಲ್ಲೇ. ಉಪ್ಪು ಒಳಗೆ ಒಣಗುವುದಕ್ಕಿಂತ ಅದು ಎಷ್ಟೋ ವಾಸಿ. ಮೊಬೈಲ್ ರಿಪೇರಿ ಅಂಗಡಿಯಲ್ಲಿ ಐಸೋಪ್ರೊಪೈಲ್ ಆಲ್ಕೋಹಾಲ್ ಎಂಬ ದ್ರವ ಇರುತ್ತದೆ, ಅದರಲ್ಲಿ ಒರೆಸಿಸಿ. ಒಂದು ದಿನ ನೆರಳಲ್ಲಿ, ಫ್ಯಾನಿನ ಅಡಿ ಇಟ್ಟು ಹೊಸ ಸೆಲ್ ಹಾಕಿ. ಅಕ್ಕಿ ಡಬ್ಬಿಯಲ್ಲಿ ಹುಗಿದರೆ ಉಪ್ಪು ಹೋಗುವುದಿಲ್ಲ, ತೌಡು ಸೇರುತ್ತದೆ.

ಮಗು ಒಳಗೆ, ಕೀ ಒಳಗೆ, ಬಾಗಿಲು ಲಾಕ್.

ಎರಡನೇ ಕೀ ತರಲು ಮನೆಗೆ ಓಡಿಸಬೇಡಿ, ನನಗೂ ಫೋನ್ ಮಾಡಬೇಡಿ. ಬಿಸಿಲಿದ್ದರೆ ಕಾರೊಳಗೆ ಕೆಲವೇ ನಿಮಿಷದಲ್ಲಿ ಕಾವು ಏರುತ್ತದೆ. ಮಗುವಿನಿಂದ ದೂರದ ಬದಿಯ ಗ್ಲಾಸನ್ನು ಮೂಲೆಯಲ್ಲಿ ಚೂಪಾದ ಗಟ್ಟಿ ವಸ್ತುವಿನಿಂದ ಒಡೆಯಿರಿ. ಮುಂದಿನ ದೊಡ್ಡ ಗ್ಲಾಸು ಪದರದ್ದು, ಅದಕ್ಕೆ ಕೈ ಹಾಕಬೇಡಿ. ಒಬ್ಬರು 112ಕ್ಕೆ ಫೋನ್ ಮಾಡಲಿ.

ಕೀಲೆಸ್ ಕಾರು ಕದಿಯುವುದು ಸುಲಭ ಅಂತಾರಲ್ಲ?

ಒಬ್ಬ ನಿಮ್ಮ ಮನೆ ಬಾಗಿಲ ಬಳಿ, ಇನ್ನೊಬ್ಬ ಕಾರಿನ ಬಳಿ ನಿಂತು ಕಾರಿನ ದನಿಯನ್ನು ಒಳಗಿರುವ ಕೀವರೆಗೆ ದಾಟಿಸುವ ಉಪಕರಣ ಇದೆ. ಕೀಯನ್ನು ಸ್ಟೀಲ್ ಡಬ್ಬಿಯಲ್ಲಿ ಹಾಕಿಟ್ಟರೆ ಸಾಕು. ಡಬ್ಬಿ ಸರಿಯಿದೆಯಾ ಎಂದು ನೋಡಲು ಅದನ್ನು ಕೈಯಲ್ಲಿ ಹಿಡಿದು ಕಾರಿನ ಬಳಿ ಹೋಗಿ ಹ್ಯಾಂಡಲ್ ಮುಟ್ಟಿ. ಬಾಗಿಲು ತೆಗೆದರೆ ಡಬ್ಬಿ ಪ್ರಯೋಜನ ಇಲ್ಲ. ಶಿರಸಿ ಮಾರಿಕಾಂಬಾ ಜಾತ್ರೆಯಂಥ ಜಂಗುಳಿಯಲ್ಲಿ ಬೀಪ್ ಸದ್ದು ಯಾರ ಕಾರಿನದೋ ತಿಳಿಯುವುದಿಲ್ಲ. ಬಟನ್ ಒತ್ತಿ ನಡೆದುಬಿಡಬೇಡಿ, ಇಂಡಿಕೇಟರ್ ಮಿನುಗಿತಾ ನೋಡಿ.

ರಾತ್ರಿ ಸರಿ ಇತ್ತು, ಬೆಳಿಗ್ಗೆ ಯಾವ ಬಾಗಿಲೂ ಇಲ್ಲ, ಒಳಗಿನ ಸ್ವಿಚ್ಚಿಗೂ ಇಲ್ಲ.

ಫ್ಯೂಸ್ ನೋಡಿ. ಹೋಗಿದ್ದರೆ ಅದೇ ಆಂಪಿನದ್ದೇ ಹಾಕಿ. ವೈರಿನ ತುಂಡು ಸುತ್ತಿ ಕೊಡುವವರಿದ್ದಾರೆ, ಕಾರು ಸುಟ್ಟುಕೊಳ್ಳುವ ದಾರಿ ಅದು. ಹೊಸ ಫ್ಯೂಸೂ ತಕ್ಷಣ ಹೋದರೆ ಎಲ್ಲೋ ವೈರು ತಾಗುತ್ತಿದೆ. ತೋಟದ ಮನೆಗಳಲ್ಲಿ ಮಳೆಗಾಲಕ್ಕೆ ಇಲಿಗಳು ಬೆಚ್ಚಗಿನ ಬಾನೆಟ್ ಹುಡುಕಿಕೊಂಡು ಬರುತ್ತವೆ. ಬಾನೆಟ್ ಎತ್ತಿ ಅಡಿಕೆ ಸಿಪ್ಪೆಯ ಗೂಡೋ ಹಿಕ್ಕೆಯೋ ಕಂಡರೆ ಉತ್ತರ ಸಿಕ್ಕಿತು.

ಎರಡು ಕೀಯಲ್ಲಿ ಒಂದು ಕಳೆದಿದೆ. ಇನ್ನೊಂದಿದೆಯಲ್ಲ, ಸಾಕಲ್ವಾ?

ಅದೂ ಕಳೆದರೆ ಖರ್ಚು ಎಷ್ಟೋ ಪಟ್ಟು. ಒಂದು ಕೀ ಕೈಯಲ್ಲಿದ್ದಾಗ ಇನ್ನೊಂದನ್ನು ಸೇರಿಸುವುದು ಸುಲಭದ ಕೆಲಸ. ಸೇರಿಸುವಾಗಲೇ ಕಳೆದ ಕೀಯ ಗುರುತನ್ನು ಕಾರಿನಿಂದ ಅಳಿಸಲು ಹೇಳಿ. ಕೆಲವು ಕಾರುಗಳಲ್ಲಿ ಆಗ ಇರುವ ಎಲ್ಲಾ ಕೀಗಳೂ ಎದುರಿಗೇ ಇರಬೇಕು, ಅದಕ್ಕೇ ಉಳಿದಿರುವ ಕೀಯನ್ನೂ ಜತೆಗೆ ತನ್ನಿ.